ಕಚೇರಿಯ ಕಂಪ್ಯೂಟರು: ಕೆಲವು ಸಣ್ಣ ಎಚ್ಚರಿಕೆಗಳು

ಕೆಲವು ವರ್ಷಗಳ ಹಿಂದೆ ನಾವು ಒಂದು ವಿದ್ಯಾರ್ಥಿ ಸಹಾಯಕ ಸಂಘದ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದೆವು. ಬಡ ಮಕ್ಕಳಿಗೆ ವರ್ಷಕ್ಕೊಮ್ಮೆ ಸಹಾಯದ್ರವ್ಯವನ್ನು ಅವರವರ ಬ್ಯಾಂಕಿನ ಲೆಕ್ಕಕ್ಕೆ ಕಳುಹಿಸುವುದು ಆ ಸಂಘದ ಮುಖ್ಯ ಕಾರ್ಯ. ಆ ವರ್ಷ 43 ಮಕ್ಕಳ ಹೆಸರು, ತಂದೆತಾಯಿಗಳ ಹೆಸರು, ಬ್ಯಾಂಕಿನ ಲೆಕ್ಕದ ಸಂಖ್ಯೆ ಇವೆಲ್ಲವನ್ನೂ ಎಕ್ಸೆಲ್ ಪಟ್ಟಿಯಲ್ಲಿ ನಾವೇ ಕುಳಿತು ತುಂಬಿದೆವು. ಸಂಖ್ಯೆಗಳ ಮೊದಲಿನ ನಾಲ್ಕಾರು ಅಂಕಿಗಳನ್ನು ತಾಳೆ ನೋಡಿ ಎಲ್ಲವೂ ಸರಿಯಾಗಿದೆಯೆಂದು ರುಜು ಹಾಕಿ ಕಳುಹಿಸಿದೆವು. ಒಂದು ವಾರದೊಳಗೆ 6 ಮಕ್ಕಳ ಹಣವು ಹಿಂದಿರುಗಿ ಬಂದಿತು. ಅವರಲ್ಲಿ ಒಬ್ಬ ಹುಡುಗಿಯ ತಾಯಿಯು, ಶುಲ್ಕ ಕಟ್ಟಲು ಮೂರು ದಿನ ಮಾತ್ರ ಉಳಿದಿದ್ದುದರಿಂದ, ಪಾಸುಪುಸ್ತಕವನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮಲ್ಲಿಗೇ ಬಂದರು. ನಮ್ಮ ಪಟ್ಟಿಯನ್ನೂ ತಮ್ಮ ಪುಸ್ತಕವನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಿ, “ಸ್ವಾಮಿ, ನನ್ನ ಪುಸ್ತಕದಲ್ಲಿ ಕೊನೆಗೆ ಏಳು ಇದೆ. ನಿಮ್ಮ ಕಾಗದದಲ್ಲಿ ಸೊನ್ನೆ ಇದೆಯಲ್ಲ?” ಎಂದರು.

ಉಳಿದ ಐದನ್ನು ತೆಗೆದು ನೋಡಿದೆವು. ಆರೂ ಸಂಖ್ಯೆಗಳ ಕೊನೆಯಲ್ಲಿ ಸೊನ್ನೆ! ನಾವು ಒತ್ತಿದ್ದುದು ಸರಿಯಾದ ಅಂಕಿಗಳನ್ನೇ. ಬದಲಾಯಿಸಿದ್ದು ಕಂಪ್ಯೂಟರು. ಸಂಘದ ಹಿರಿಯರೊಬ್ಬರು ಆ ದಿನವೇ ಕೈಯಿಂದ ಹಣ ಕೊಟ್ಟು ಹುಡುಗಿಯ ಶುಲ್ಕವನ್ನು ಕಟ್ಟಿಸಿದರು. ಆದರೆ ನಮಗಾದ ನಾಚಿಕೆಯು ಇಂದಿಗೂ ಮರೆತಿಲ್ಲ. ನಮ್ಮ ವಾಚಕರಲ್ಲಿ ಅನೇಕರು ಹಗಲು ಕಚೇರಿಯಲ್ಲಿಯೂ, ಸಂಜೆ ಮನೆಯಲ್ಲಿ ದೇವಸ್ಥಾನದ ಚಂದಾಪಟ್ಟಿ, ಮಕ್ಕಳ ಅರ್ಜಿ, ಬಡಾವಣೆಯ ಸಂಘದ ಲೆಕ್ಕ ಮೊದಲಾದುವುಗಳಿಗಾಗಿಯೂ ಈ ಯಂತ್ರದ ಮುಂದೆ ಕುಳಿತುಕೊಳ್ಳತಕ್ಕವರೇ ಆಗಿರುವುದರಿಂದ, ನಮಗೆ ಬಿದ್ದ ಪೆಟ್ಟು ಅವರಿಗೆ ಬೀಳದಿರಲೆಂದು ಈ ಕೆಲವು ಮಾತುಗಳನ್ನು ಬರೆಯುತ್ತಿರುವೆವು.

ಎಕ್ಸೆಲ್ ಪಟ್ಟಿಯ ಹಾಳೆಯು ಚೌಕಾಬಾರದ ಹಲಗೆಯಂತೆ ಮನೆಮನೆಗಳಾಗಿ ಹಂಚಿಕೊಂಡಿರುವುದು. ಆ ಮನೆಯಲ್ಲಿ ನಾವು ಅಂಕಿಗಳನ್ನು ಬರೆದ ಕೂಡಲೆ ಯಂತ್ರವು ‘ಇದು ಕೂಡಿ ಕಳೆಯತಕ್ಕ ಮೊತ್ತ’ ಎಂದು ತಾನಾಗಿ ಊಹಿಸಿಕೊಳ್ಳುವುದು. ಮೊತ್ತಗಳನ್ನು ಅದು ಹದಿನೈದು ಅಂಕಿಗಳವರೆಗೆ ಮಾತ್ರ ನಿಷ್ಕೃಷ್ಟವಾಗಿ ಇಟ್ಟುಕೊಳ್ಳಬಲ್ಲುದು. ಹದಿನಾರನೆಯ ಅಂಕಿಯು ಬಂದರೆ ಅದನ್ನು ಸೊನ್ನೆಯಾಗಿಸಿಬಿಡುವುದು. ಕೆಲವು ಬ್ಯಾಂಕುಗಳ ಲೆಕ್ಕದ ಸಂಖ್ಯೆಯು 16 ಅಂಕಿಗಳದ್ದೆಂಬುದನ್ನು ವಾಚಕರು ಬಲ್ಲರು. ನಮ್ಮ ಆರು ಮಕ್ಕಳೂ ಅಂತಹ ಬ್ಯಾಂಕಿನವರೇ. ಸಂಖ್ಯೆಯ ಮೊದಲಲ್ಲಿ ಸೊನ್ನೆಯಿದ್ದರೆ ಅದನ್ನು ಬೆಲೆಯಿಲ್ಲದ್ದೆಂದು ಅಳಿಸಿಬಿಡುವುದು. 12 ಅಂಕಿಗಳ ಆಧಾರ್ ಸಂಖ್ಯೆಯನ್ನಂತೂ ನಡುವೆ ಬಿಂದುವಿಟ್ಟು ಕೊನೆಗೆ ಇಂಗ್ಲಿಷಿನ ‘ಇ’ ಅಕ್ಷರವನ್ನು ಸೇರಿಸಿ, ವಿಜ್ಞಾನಿಗಳು ಬರೆಯುವ ರೀತಿಯಲ್ಲಿ ತೋರಿಸುವುದು.

ಇದಕ್ಕೆ ಪರಿಹಾರವು ಅತಿ ಸುಲಭವಾದುದು. ಆದರೆ ಬರೆಯುವುದಕ್ಕೆ ಮೊದಲೇ ಮಾಡತಕ್ಕದ್ದು. ಸಂಖ್ಯೆಗಳನ್ನು ಬರೆಯಬೇಕಾದ ಉದ್ದಸಾಲನ್ನು ಪೂರ್ತಿಯಾಗಿ ಆರಿಸಿಕೊಂಡು, ಕಂಟ್ರೋಲ್ ಕೀಲಿಯೊಡನೆ 1ನ್ನು ಒತ್ತಿದರೆ ಒಂದು ಪೆಟ್ಟಿಗೆಯು ತೆರೆಯುವುದು. ಅದರಲ್ಲಿ ‘ಟೆಕ್ಸ್ಟ್’ ಎಂಬುದನ್ನು ಆರಿಸಬೇಕು. ಹಾಗೆ ಮಾಡಿದರೆ ಯಂತ್ರವು ಅಂಕಿಗಳನ್ನು ಅಕ್ಷರಗಳಂತೆಯೇ ಭಾವಿಸಿ ಬರೆದುದನ್ನು ಬರೆದಂತೆ ಇಡುವುದು. ಒಂದೆರಡು ಸಂಖ್ಯೆಗಳು ಮಾತ್ರ ಇದ್ದರೆ, ಸಂಖ್ಯೆಗೆ ಮೊದಲು ಮೇಲುಗಡೆಯ ಒಂಟಿ ಕೊಂಡಿಯ ಗುರುತನ್ನು ಹಾಕಿದರೂ ಸಾಕು. ಅದು ಕಾಗದದಲ್ಲಿ ಅಚ್ಚಾಗುವುದಿಲ್ಲ. ಮನೆಯ ಮೂಲೆಯಲ್ಲಿ ಚಿಕ್ಕದೊಂದು ಹಸುರು ತ್ರಿಕೋಣವು ಕಾಣಿಸಿಕೊಂಡು, ‘ಇದನ್ನು ಮೊತ್ತವಾಗಿ ಮಾಡಲೆ?’ ಎಂಬುದಾಗಿ ಯಂತ್ರವು ಕೇಳಬಹುದು. ಅದರ ಮಾತಿಗೆ ಒಪ್ಪಕೂಡದು. ಸಾಮಾನ್ಯವಾಗಿ ಅಕ್ಷರವೆಂದು ತಿಳಿದುದು ಮನೆಯ ಎಡಬದಿಗೂ ಮೊತ್ತವೆಂದು ತಿಳಿದುದು ಬಲಬದಿಗೂ ಒತ್ತಿಕೊಂಡು ನಿಲ್ಲುವುದರಿಂದ, ದೂರದಿಂದ ನೋಡಿಯೇ ವ್ಯತ್ಯಾಸವನ್ನು ತಿಳಿಯಬಹುದು. ಒಮ್ಮೆ ಸೊನ್ನೆಯಾದ ಅಂಕಿಯು ಆಮೇಲೆ ‘ಟೆಕ್ಸ್ಟ್’ ಮಾಡಿದರೆ ಹಿಂದಿರುಗಿ ಬಾರದು. ಪಾಸುಪುಸ್ತಕವನ್ನು ನೋಡಿ ಹೊಸದಾಗಿಯೇ ಬರೆಯಬೇಕು. ತಾಳೆ ನೋಡುವಾಗ ಒಬ್ಬರು ಪುಸ್ತಕದಿಂದ ಓದಿ ಮತ್ತೊಬ್ಬರು ಪಟ್ಟಿಯಲ್ಲಿ ನೋಡುವುದೂ, ಕೊನೆಯ ಅಂಕಿಯಿಂದ ಹಿಂದಕ್ಕೆ ಓದುತ್ತ ಬರುವುದೂ ಉತ್ತಮವೆಂದು ಆ ತಾಯಿಯ ದೆಸೆಯಿಂದ ನಾವು ಕಲಿತೆವು.

ಈ ಊಹೆಯ ಚಾಳಿಯು ತಾರೀಖುಗಳಲ್ಲಿ ಇನ್ನೂ ಹೆಚ್ಚು. ಮನೆಯ ನಂಬರು 5/2 ಎಂದು ಬರೆದರೆ ಫೆಬ್ರವರಿ 5 ಎಂದಾಗುವುದು. ಅಮೆರಿಕದ ರೀತಿಗೆ ಹೊಂದಿಸಿದ ಕಂಪ್ಯೂಟರಾದರೆ ಮೇ 2 ಎಂದಾಗುವುದು. ಆ ದೇಶದವರು ತಿಂಗಳನ್ನು ಮೊದಲು ಬರೆದು ದಿನವನ್ನು ಆಮೇಲೆ ಬರೆಯುವರಷ್ಟೆ. ಈ ತೊಂದರೆಯು ನಮ್ಮಂತಹ ಸಾಮಾನ್ಯರಿಗೆ ಮಾತ್ರವೆಂದು ತಿಳಿಯಬೇಡಿರಿ. ಮಾನವದೇಹದ ಕೆಲವು ವಂಶವಾಹಿಗಳಿಗೆ ವಿಜ್ಞಾನಿಗಳು ‘ಮಾರ್ಚ್-1’, ‘ಸೆಪ್ಟ್-1’ ಎಂಬಂತಹ ಸಂಕ್ಷಿಪ್ತ ಹೆಸರುಗಳನ್ನಿಟ್ಟಿದ್ದರು. ಎಕ್ಸೆಲ್ ಅವನ್ನು ತಾರೀಖುಗಳನ್ನಾಗಿ ಮಾರ್ಪಡಿಸುತ್ತ ಬಂದುದರಿಂದ ಎಷ್ಟೋ ಪಟ್ಟಿಗಳು ಕೆಟ್ಟುವು. ಕಡೆಗೆ 2020ರಲ್ಲಿ, ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯವರು ಯಂತ್ರಕ್ಕೆ ಶರಣಾಗಿ ಆ ವಂಶವಾಹಿಗಳ ಹೆಸರುಗಳನ್ನೇ ಬದಲಾಯಿಸಿದರು! ಈಚಿನ ಎಕ್ಸೆಲ್ಲುಗಳಲ್ಲಿ ಈ ಊಹೆಯನ್ನು ನಿಲ್ಲಿಸುವ ಆಯ್ಕೆಯೂ ಉಂಟು. ನಮ್ಮ ಕಚೇರಿಗಳ ಹಳೆಯ ಯಂತ್ರಗಳಲ್ಲಿ ಅದನ್ನು ಹುಡುಕಿ ಫಲವಿಲ್ಲ. ತಾರೀಖನ್ನು ಬರೆಯುವಾಗ ತಿಂಗಳನ್ನು ಅಂಕಿಯಲ್ಲಿ ಬರೆಯದೆ, ಇಂಗ್ಲಿಷಿನ ಮೂರಕ್ಷರದ ಹೆಸರಿನಲ್ಲಿ ಬರೆದರೆ ದಿನ ಯಾವುದು, ತಿಂಗಳು ಯಾವುದು ಎಂಬ ಸಂದೇಹವಿರದು.

ಅದೇ 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಕೋವಿಡ್ ರೋಗಿಗಳ ಪಟ್ಟಿಯನ್ನು ಎಕ್ಸೆಲ್ಲಿನ ಹಳೆಯ ಮಾದರಿಯ ಫೈಲಿನಲ್ಲಿ ಸೇರಿಸುತ್ತಿದ್ದರು. ಆ ಮಾದರಿಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿಕ್ಕವು ಸದ್ದಿಲ್ಲದೆ ಉದುರಿಹೋಗಿ, 15,841 ರೋಗಿಗಳ ಲೆಕ್ಕವು ಆ ದಿನಗಳ ವರದಿಯಿಂದ ಬಿಟ್ಟುಹೋಯಿತು. ಅವರೊಡನೆ ಒಡನಾಡಿದವರಿಗೆ ಎಚ್ಚರಿಕೆ ಹೇಳುವುದೂ ತಡವಾಯಿತು.

ಇನ್ನು ಕನ್ನಡದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ನಮ್ಮ ಕಚೇರಿಗಳಲ್ಲಿ ಬಹುಕಾಲ ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಮಾದರಿಗಳಲ್ಲಿ ಕನ್ನಡವನ್ನು ಬರೆಯುತ್ತಿದ್ದರು. ಹಲವೆಡೆ ಈಗಲೂ ಬರೆಯುತ್ತಿರುವರು. ಆ ಏರ್ಪಾಟಿನ ಗುಟ್ಟೇನೆಂದರೆ, ಯಂತ್ರದೊಳಗೆ ಇರುವುದು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳೇ. ಅವುಗಳ ಮೇಲೆ ಕನ್ನಡದ ವೇಷವನ್ನು ತೊಡಿಸಿರುವುದಷ್ಟೆ. ಆ ಅಕ್ಷರಮಾದರಿಯಿಲ್ಲದ ಕಂಪ್ಯೂಟರಿಗೆ ಫೈಲನ್ನು ಕಳುಹಿಸಿದರೆ ವೇಷವು ಕಳಚಿಬೀಳುವುದು. ‘ಕನ್ನಡ’ ಎಂಬ ಪದವೇ ‘ನುಡಿ’ಯಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’ ಅಕ್ಷರದಿಂದ ಮೊದಲಾಗಿ, ನಡುವೆ ಬ್ರಿಟಿಷ್ ಪೌಂಡಿನ ಗುರುತನ್ನು ಹೊತ್ತುಕೊಂಡು ನಿಲ್ಲುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ನಿವೃತ್ತರಾದ ನಮ್ಮ ಹಿರಿಯ ಬಂಧುಗಳೊಬ್ಬರು ಎರಡು ವರ್ಷ ಶ್ರಮಪಟ್ಟು ಬೆರಳಚ್ಚು ಮಾಡಿಟ್ಟ ಮನೆತನದ ಚರಿತ್ರೆಯನ್ನು, ಅವರು ತೀರಿಕೊಂಡ ಬಳಿಕ ಮಕ್ಕಳು ಹೊಸ ಕಂಪ್ಯೂಟರಿನಲ್ಲಿ ತೆರೆದರು. ನೂರು ಪುಟಗಳ ತುಂಬ ಪೌಂಡಿನ ಗುರುತುಗಳು! ಕೆಟ್ಟುಹೋಯಿತೆಂದು ಅದನ್ನು ಅಳಿಸಿಬಿಡುವುದರಲ್ಲಿದ್ದರು. ಕೆಟ್ಟಿರಲಿಲ್ಲ. ಹಳೆಯ ಅಕ್ಷರಮಾದರಿಯನ್ನು ಹಾಕಿದ ಕೂಡಲೆ ಮುತ್ತಾತನ ಹೆಸರು ಮೊದಲ ಪುಟದಲ್ಲಿಯೇ ಕಾಣಿಸಿತು.

ಇದಕ್ಕೆ ಶಾಶ್ವತವಾದ ಉಪಾಯವೇ ಯೂನಿಕೋಡ್. ಪ್ರಪಂಚದ ಲಿಪಿಗಳ ಒಂದೊಂದು ಅಕ್ಷರಕ್ಕೂ ಬೇರೆಬೇರೆಯಾದ ಅಂಕವನ್ನು ಗೊತ್ತುಮಾಡಿರುವ ಏರ್ಪಾಟಿದು. 1991ರಲ್ಲಿ ಹೊರಟ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಯೂನಿಕೋಡಿನಲ್ಲಿ ಬರೆದ ‘ಕ’ವು ಬೆಂಗಳೂರಿನಲ್ಲಿಯೂ ಲಂಡನ್ನಿನಲ್ಲಿಯೂ ಕೈಯೊಳಗಿನ ಫೋನಿನಲ್ಲಿಯೂ ‘ಕ’ವೇ. ಬೆರಳಿನ ಅಭ್ಯಾಸವನ್ನೆಲ್ಲ ಬಿಡಬೇಕಾದೀತೆಂದು ಹೆದರುವ ಗುಮಾಸ್ತರುಂಟು. ಆ ಹೆದರಿಕೆಗೆ ಕಾರಣವಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರವು ಒಪ್ಪಿಕೊಂಡಿರುವ ಕೀಲಿಮಣೆಯ ವಿನ್ಯಾಸವೇ ಯೂನಿಕೋಡಿಗೂ ಸಲ್ಲುವುದು. ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಒತ್ತಿದರೆ ಹಿಂದಿನಂತೆಯೇ ‘ಕನ್ನಡ’ ಎಂದು ಮೂಡುವುದು. ‘ನುಡಿ’ಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಎಂಬುದನ್ನು ಆರಿಸಿಕೊಂಡರಾಯಿತು. ವಿಂಡೋಸಿನಲ್ಲಿಯೇ ಕನ್ನಡದ ಕೀಲಿಮಣೆಯನ್ನು ಸೇರಿಸಿಕೊಂಡವರು ವಿಂಡೋಸ್ ಕೀಲಿಯೊಡನೆ ಉದ್ದನೆಯ ಸ್ಪೇಸ್ ಕೀಲಿಯನ್ನು ಒತ್ತಿ ಕನ್ನಡಕ್ಕೂ ಇಂಗ್ಲಿಷಿಗೂ ಹೋಗಿ ಬರಬಹುದು.

ಹಳೆಯ ಫೈಲುಗಳನ್ನು ಯೂನಿಕೋಡಿಗೆ ಮಾರ್ಪಡಿಸುವ ಪರಿವರ್ತಕಗಳು ಉಚಿತವಾಗಿಯೇ ದೊರೆಯುವುವು. ಆದರೆ ಮಾರ್ಪಟ್ಟುದನ್ನು ಕಣ್ಣಿಟ್ಟು ಓದತಕ್ಕದ್ದು. ಅರ್ಕಾವತ್ತು, ಒತ್ತಕ್ಷರಗಳು ಮತ್ತು ನಡುವೆ ಬಂದ ಇಂಗ್ಲಿಷ್ ಪದಗಳು ಎಡವುವ ಸ್ಥಳಗಳು. ಮೂಲದ ಫೈಲನ್ನು ಮಾತ್ರ ಅಳಿಸಕೂಡದು. ಹೊರಗಿನವರಿಗೆ ಕಳುಹಿಸುವ ಪತ್ರವನ್ನು, ಎಫ್-12 ಕೀಲಿಯನ್ನು ಒತ್ತಿ, ಪಿಡಿಎಫ್ ಆಗಿ ಉಳಿಸಿ ಕಳುಹಿಸಿದರೆ ಅಕ್ಷರಮಾದರಿಯು ಅದರೊಡನೆಯೇ ಹೋಗುವುದರಿಂದ ಓದುವವರಿಗೆ ತೊಂದರೆಯಿರುವುದಿಲ್ಲ. ಯೂನಿಕೋಡಿನ ಇನ್ನೊಂದು ಲಾಭವೆಂದರೆ ಹುಡುಕುವಿಕೆ. ಕಂಟ್ರೋಲ್ ಮತ್ತು ಎಫ್ ಒತ್ತಿ ಕನ್ನಡದಲ್ಲಿಯೇ ಹೆಸರನ್ನು ಬರೆದರೆ ಇನ್ನೂರು ಪುಟಗಳಲ್ಲಿ ಅದು ಎಲ್ಲಿದ್ದರೂ ಸಿಕ್ಕುವುದು. ಕಂಟ್ರೋಲ್ ಮತ್ತು ಎಚ್ ಒತ್ತಿ ಒಂದು ಪದವನ್ನು ತೆಗೆದು ಮತ್ತೊಂದನ್ನು ಹಾಕಬಹುದು. ಆದರೆ ‘ಎಲ್ಲವನ್ನೂ ಬದಲಿಸು’ ಎಂಬ ಗುಂಡಿಯನ್ನು ಮುಟ್ಟುವಾಗ ಜಾಗ್ರತೆ! ನಡವಳಿಯ ಪುಸ್ತಕದಲ್ಲಿ ‘ರಾಮ’ನ ಬದಲು ‘ಸೋಮ’ನನ್ನು ಹಾಕಹೋಗಿ, ‘ವಿರಾಮ’ವೆಲ್ಲ ‘ವಿಸೋಮ’ವಾಗಿ, ಬಲರಾಮನು ಬಲಸೋಮನಾಗಿದ್ದುದನ್ನು ನಾವು ಕಣ್ಣಾರೆ ಕಂಡಿರುವೆವು.

ಇಂತಹ ವೇಳೆಯಲ್ಲಿ ಕೈಹಿಡಿಯತಕ್ಕದ್ದು ಕಂಟ್ರೋಲ್ ಮತ್ತು ಜೆಡ್. ಅದು ಮಾಡಿದ ತಪ್ಪನ್ನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಳ್ಳುವುದು. ಅದರ ಬಲಕ್ಕೆ ಸಾಲಾಗಿ ಎಕ್ಸ್, ಸಿ, ವಿ ಎಂಬ ಮೂರು ಕೀಲಿಗಳು: ಕತ್ತರಿಸುವುದು, ನಕಲು ತೆಗೆಯುವುದು, ಅಂಟಿಸುವುದು. ಹಿಂದೆ ಪತ್ರಿಕೆಯ ಕಚೇರಿಗಳಲ್ಲಿ ಲೇಖನವನ್ನು ಕತ್ತರಿಯಿಂದ ಕತ್ತರಿಸಿ ಗೋಂದು ಹಚ್ಚಿ ಅಂಟಿಸುತ್ತಿದ್ದರಲ್ಲವೆ? ಆ ಕೆಲಸವನ್ನೇ 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿ ಲ್ಯಾರಿ ಟೆಸ್ಲರ್ ಎಂಬವರು ತಮ್ಮ ಜೊತೆಗಾರರೊಡನೆ ಕಂಪ್ಯೂಟರಿಗೆ ಕಲಿಸಿದರು. ಅವರು ತೀರಿಕೊಂಡುದು 2020ರಲ್ಲಿ. ವಿಂಡೋಸ್ 10 ಮತ್ತು ಅದರ ಮುಂದಿನವುಗಳಲ್ಲಿ ವಿಂಡೋಸ್ ಕೀಲಿಯೊಡನೆ ‘ವಿ’ ಒತ್ತಿದರೆ, ಈಚೆಗೆ ನಕಲು ತೆಗೆದ ಹಲವು ತುಣುಕುಗಳು ಒಟ್ಟಿಗೆ ಕಾಣಿಸಿಕೊಳ್ಳುವುವು. ಬಹು ಅನುಕೂಲ. ಆದರೆ ನಕಲು ತೆಗೆದ ಪಾಸ್‌ವರ್ಡೂ ಅದರಲ್ಲಿ ಕುಳಿತಿರುವುದೆಂಬುದನ್ನು ಮರೆಯಬಾರದು.

ಬರೆದುದನ್ನು ಉಳಿಸುವ ಅಭ್ಯಾಸವನ್ನು ನಾವು ಎಷ್ಟು ಸಲ ಹೇಳಿದರೂ ಕಡಮೆಯೇ. ವರ್ಡ್ ತಂತ್ರಾಂಶವು ತಾನಾಗಿ ಇಟ್ಟುಕೊಳ್ಳುವ ರಕ್ಷಣೆಯ ಪ್ರತಿಯು ಸಾಮಾನ್ಯವಾಗಿ ಹತ್ತು ನಿಮಿಷಗಳಿಗೊಮ್ಮೆ ಮಾತ್ರ. ವಿದ್ಯುತ್ತು ಹೋಗುವುದಕ್ಕೆ ಒಂದು ಕ್ಷಣ ಸಾಕು. ವಾಕ್ಯವೃಂದವು ಮುಗಿದೊಡನೆ ಎಡಗೈಯು ತಾನಾಗಿ ಕಂಟ್ರೋಲ್ ಮತ್ತು ಎಸ್ ಕೀಲಿಗಳ ಮೇಲೆ ಹೋಗುವಂತೆ ಅಭ್ಯಾಸಮಾಡಿಕೊಳ್ಳಬೇಕು. ಫೈಲಿಗೆ ‘ಪತ್ರ’, ‘ಹೊಸ ಪತ್ರ’, ‘ಕೊನೆಯ ಪತ್ರ’, ‘ನಿಜವಾಗಿ ಕೊನೆಯ ಪತ್ರ’ ಎಂದು ಹೆಸರಿಡುವವರು ಪ್ರತಿಯೊಂದು ಕಚೇರಿಯಲ್ಲಿಯೂ ಇರುವರು. ಅದರ ಬದಲು ಮೊದಲು ವರ್ಷ, ಅನಂತರ ತಿಂಗಳು, ಅನಂತರ ದಿನ, ಆಮೇಲೆ ವಿಷಯ, ಹೀಗೆ ‘2024-03-07 ನೀರಿನ ತೆರಿಗೆ’ ಎಂದಿಟ್ಟರೆ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ಸಾಲುಗಟ್ಟುವುವು. ತಿಂಗಳು ಒಂದೇ ಅಂಕಿಯದಾದರೆ ಹಿಂದೆ ಸೊನ್ನೆಯಿಡಬೇಕು. ಇಲ್ಲವಾದರೆ ಹತ್ತನೆಯ ತಿಂಗಳು ಎರಡನೆಯದಕ್ಕಿಂತ ಮುಂದೆ ಬಂದು ನಿಲ್ಲಬಹುದು.

ಕುರ್ಚಿಯನ್ನು ಬಿಟ್ಟು ಏಳುವಾಗ ವಿಂಡೋಸ್ ಕೀಲಿಯೊಡನೆ ‘ಎಲ್’ ಒತ್ತಿದರೆ ಯಂತ್ರಕ್ಕೆ ಬೀಗ ಬೀಳುವುದು. ಕಾಫಿಗೆ ಹೋದ ಐದು ನಿಮಿಷದಲ್ಲಿ ಏನಾದೀತೆನ್ನುವವರು, ಮೇಜಿನ ಮೇಲೆ ಹಣದ ಪೆಟ್ಟಿಗೆಯನ್ನು ತೆರೆದಿಟ್ಟು ಕಾಫಿಗೆ ಹೋಗುವರೆ?

ಕಡೆಯದಾಗಿ ಅಳಿಸುವ ವಿಷಯ. ಕಂಪ್ಯೂಟರಿನೊಳಗಿನ ಫೈಲನ್ನು ಅಳಿಸಿದರೆ ಅದು ಮೊದಲು ರಿಸೈಕಲ್ ಬಿನ್ ಎಂಬ ಕಸದಬುಟ್ಟಿಗೆ ಹೋಗಿ ಕುಳಿತಿರುವುದು, ಬೇಕೆಂದಾಗ ತೆಗೆದುಕೊಳ್ಳಬಹುದು. ಶಿಫ್ಟ್ ಕೀಲಿಯನ್ನು ಹಿಡಿದು ಅಳಿಸಿದರೆ ಬುಟ್ಟಿಗೆ ಹೋಗುವುದಿಲ್ಲ. ಪೆನ್ ಡ್ರೈವಿನಿಂದ ಅಳಿಸಿದುದಂತೂ ಸಾಮಾನ್ಯವಾಗಿ ಬುಟ್ಟಿಯ ದಾರಿಯನ್ನೇ ಕಾಣದೆ ನೇರವಾಗಿ ಹೋಗುವುದು. ಬೇಕಾದ ಕಾಗದವು ಹಾಗೆ ಹೋಯಿತೆಂದು ತಿಳಿದ ಕೂಡಲೆ ಆ ಪೆನ್ ಡ್ರೈವಿಗೆ ಹೊಸದಾಗಿ ಏನನ್ನೂ ಬರೆಯದೆ ಹೊರಕ್ಕೆ ತೆಗೆದು, ತಿಳಿದವರ ಕೈಗೆ ಕೊಡಬೇಕು. ಮೇಲೆ ಬೇರೊಂದು ಬರಹವು ಬೀಳದಿದ್ದರೆ ಅದು ಮರಳಿ ಸಿಕ್ಕುವ ಸಂಭವವುಂಟು.