ಕಛೇರಿಗೆ ಥಿನ್ ಕ್ಲೈಂಟ್: ಆರಿಸುವ ಬಗೆ

ಮನೆಗೊಂದು ಬಾವಿ ತೋಡುವ ಬದಲು ಊರಿಗೊಂದು ದೊಡ್ಡ ಟಾಂಕಿ ಕಟ್ಟಿ, ಮನೆಮನೆಗೆ ನಲ್ಲಿ ಕೊಡುವುದುಂಟು. ಕಛೇರಿಯ ಗಣಕಯಂತ್ರಗಳಲ್ಲಿಯೂ ಅಂತಹ ಏರ್ಪಾಡಿದೆ. ಕೆಲಸವೆಲ್ಲವೂ ಸರ್ವರ್ ಎಂಬ ಒಂದೇ ಕೇಂದ್ರಯಂತ್ರದಲ್ಲಿ ನಡೆಯುತ್ತದೆ. ಮೇಜಿನ ಮೇಲಿನ ಥಿನ್ ಕ್ಲೈಂಟ್ ಎಂಬ ಸಣ್ಣ ಪೆಟ್ಟಿಗೆಯು ನಾವು ಒತ್ತಿದ ಕೀಲಿಯ ಸುದ್ದಿಯನ್ನು ಅಲ್ಲಿಗೆ ಮುಟ್ಟಿಸಿ, ಅಲ್ಲಿಂದ ಬಂದ ಚಿತ್ರವನ್ನು ಪರದೆಯಲ್ಲಿ ತೋರಿಸುತ್ತದೆ, ಅಷ್ಟೆ.

ಇದನ್ನು ಆರಿಸುವಾಗ ನೋಡತಕ್ಕುದೇನು? ಮೊದಲನೆಯದಾಗಿ, ಸರ್ವರಿನ ಸಂಪರ್ಕಪದ್ಧತಿಗೆ ಅದು ಹೊಂದಿಕೊಳ್ಳಬೇಕು. ಎರಡನೆಯದಾಗಿ, ಒಳಗೆ ಫ್ಯಾನ್ ಇಲ್ಲದ ಪೆಟ್ಟಿಗೆಯೇ ಲೇಸು. ಅದು ಧೂಳನ್ನು ಒಳಗೆಳೆಯದು, ಸದ್ದನ್ನೂ ಮಾಡದು. 2012ರಲ್ಲಿ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಅಗ್ಗದ ಗಣಕವನ್ನೂ ಈ ಕೆಲಸಕ್ಕೆ ಬಳಸಬಹುದು. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಗ್ನೂ/ಲಿನಕ್ಸೇ ಅದನ್ನು ನಡೆಸಬಲ್ಲದು.

ಮೂರನೆಯದು ಕಾಸರಗೋಡಿನ ನಮಗೆ ಅತಿ ಮುಖ್ಯವಾದುದು, ಕನ್ನಡ. ಅಕ್ಷರರೂಪಗಳು ಸರ್ವರಿನಲ್ಲಿದ್ದರೆ ಸಾಕು; ಆದರೆ ಕೀಲಿಮಣೆಯ ಕನ್ನಡ ವಿನ್ಯಾಸವು ಅಲ್ಲಿಯವರೆಗೆ ತಪ್ಪಿಲ್ಲದೆ ತಲುಪಬೇಕು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡದ ‘ಕ’ ಇರುವ ಕೀಲಿಯಲ್ಲಿಯೇ ಮಲಯಾಳದ ‘ಕ’ವೂ ಇರುವುದರಿಂದ, ಎರಡು ಭಾಷೆಗಳಲ್ಲಿ ಬರೆಯಬೇಕಾದ ಗುಮಾಸ್ತರಿಗೆ ಅದು ಅನುಕೂಲ. ಕೊಳ್ಳುವ ಮುನ್ನವೇ ಒಂದು ಕನ್ನಡ ಅರ್ಜಿಯನ್ನು ಬರೆದು, ಅಚ್ಚುಮಾಡಿ ನೋಡತಕ್ಕದ್ದು. ಯಂತ್ರದಲ್ಲಿ ಕನ್ನಡ ಮೂಡದಿದ್ದರೆ, ಕನ್ನಡದಲ್ಲಿ ಉತ್ತರ ಪಡೆಯುವ ನಮ್ಮ ಹಕ್ಕು ಕಾಗದದಲ್ಲಿಯೇ ಉಳಿದೀತು.

ಒಂದು ಎಚ್ಚರಿಕೆ: ಟಾಂಕಿ ಬರಿದಾದರೆ ನಲ್ಲಿಗಳೆಲ್ಲ ಒಣಗುವಂತೆ, ಸರ್ವರ್ ನಿಂತರೆ ಕಛೇರಿಯೇ ನಿಲ್ಲುವುದು. ಆದುದರಿಂದ ಪೆಟ್ಟಿಗೆಗಳಲ್ಲಿ ಉಳಿಸಿದ ಹಣವನ್ನು ಸರ್ವರಿನ ಬ್ಯಾಟರಿಗೂ, ಕಡತಗಳ ಮರುಪ್ರತಿಗೂ, ಒಳ್ಳೆಯ ಕೇಬಲಿಗೂ ವಿನಿಯೋಗಿಸುವುದೇ ಜಾಣತನ.