ಕಲ್ಲಿನಲ್ಲಿ ಉಳಿದ ಹುಡುಗ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಿಂದ ಹುಡುಗರು ಸೈನ್ಯಕ್ಕೆ ಹೋಗ್ತಾರೆ. ಒಬ್ಬ ಯೋಧ ತ್ರಿವರ್ಣ ಧ್ವಜ ಹೊದ್ದು ಮರಳಿದ ದಿನ ಊರಿಗೆ ಊರೇ ಆ ಮನೆ ಮುಂದೆ ನಿಲ್ಲುತ್ತೆ. ಆದರೆ ಹತ್ತು ವರ್ಷ ಕಳೆದ ಮೇಲೆ ಅವನ ನೆನಪು ಉಳಿಯುತ್ತಾ?

ನಮ್ಮ ಹಿರಿಯರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು: ವೀರಗಲ್ಲು.

ಗುಡಿ ಪಕ್ಕದಲ್ಲಿ, ಕೆರೆ ಏರಿ ಮೇಲೆ ನಿಂತಿರುವ ಈ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಕೆಳಗೆ, ಆಯುಧ ಹಿಡಿದು ಕಾದಾಡುವ ವೀರ. ನಡುವೆ, ಅವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ, ಶಿವಲಿಂಗದ ಸನ್ನಿಧಿ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವವರೆಗೂ ಈ ನೆನಪು ಇರಲಿ ಅಂತ!

ಈ ಗೌರವ ದೊರೆಗಳಿಗಷ್ಟೇ ಅಲ್ಲ. ಊರಿನ ದನ ಉಳಿಸಲು ಹೋಗಿ ಮಡಿದವನಿಗೂ ಕಲ್ಲು ನಿಂತಿದೆ.

2019ರಲ್ಲಿ ದೆಹಲಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲೂ ಹಾಗೇ. ಮಡಿದ ಒಬ್ಬೊಬ್ಬ ಯೋಧನಿಗೂ ಒಂದೊಂದು ಗ್ರಾನೈಟ್ ಇಟ್ಟಿಗೆ, ಅದರ ಮೇಲೆ ಅವನ ಹೆಸರು. 1999ರ ಕಾರ್ಗಿಲ್ ಯೋಧರೂ ಅಲ್ಲಿದ್ದಾರೆ.

ದೆಹಲಿ ದೂರ. ನಿಮ್ಮೂರ ಯೋಧನ ಮನೆ ದೂರವಲ್ಲ. ಜುಲೈ 26, ಕಾರ್ಗಿಲ್ ವಿಜಯ ದಿವಸ. ಅವತ್ತು ಆ ಮನೆಗೆ ಹೋಗಿ. ತಾಯಿ ಪಕ್ಕ ಕೂತು, ಮಗನ ಹೆಸರು ಹಿಡಿದು ಮಾತಾಡಿ.

ಹೆಸರು ಕರೆಯುವವರು ಇರುವ ತನಕ ಅವನು ಊರಲ್ಲೇ ಇರ್ತಾನೆ.