ಊರ ಸಂಘ, ವಾರದ ಕಂತು

ನಸುಕಿನಲ್ಲಿ ಸಗಟು ಮಾರುಕಟ್ಟೆಗೆ ಬಂದು ಸೊಪ್ಪಿನ ಕಟ್ಟು ಎತ್ತುವ ಹೆಂಗಸಿಗೆ ಸಾಲ ಕೊಡುವವರು ಅಲ್ಲೇ ನಿಂತಿರುತ್ತಾರೆ. ಸಾವಿರ ರೂಪಾಯಿ ಸಾಲ ಎಂದು ಬರೆದುಕೊಂಡು ಕೈಗೆ ಕೊಡುವುದು 900. ಸಂಜೆ ವ್ಯಾಪಾರ ಮುಗಿಯುವ ಹೊತ್ತಿಗೆ ಬಂದು ಪೂರ್ತಿ ಸಾವಿರ ಎಣಿಸಿಕೊಂಡು ಹೋಗುತ್ತಾರೆ. ಜನ ಮೀಟರ್ ಬಡ್ಡಿ ಅನ್ನುವುದು ಇದನ್ನೇ. ಒಂದೇ ಹಗಲಿಗೆ ಶೇ 11ಕ್ಕಿಂತ ಹೆಚ್ಚಾಯಿತು. ಆದರೂ ಆಕೆ ಮರುದಿನ ಅವರ ಹತ್ತಿರವೇ ಹೋಗುತ್ತಾಳೆ. ಸೊಪ್ಪು ಬರುವುದು ಬೆಳಗಿನ ಐದಕ್ಕೆ, ಬ್ಯಾಂಕು ಬಾಗಿಲು ತೆಗೆಯುವುದು ಹತ್ತಕ್ಕೆ. ತೆಗೆದ ಮೇಲೂ ಪಹಣಿ ಎಲ್ಲಿ, ಜಾಮೀನು ಯಾರು ಎಂಬ ಪ್ರಶ್ನೆ ಕಾದಿರುತ್ತದೆ. ಬ್ಯಾಂಕಿನವರದ್ದೂ ಒಂದು ಮಾತಿದೆ ಅನ್ನಿ: ಐದು ಸಾವಿರದ ಸಾಲಕ್ಕೂ ಐದು ಲಕ್ಷದ ಸಾಲಕ್ಕೂ ಕಾಗದಪತ್ರದ ಕೆಲಸ ಹೆಚ್ಚುಕಡಿಮೆ ಒಂದೇ.

ಈ ಎರಡರ ನಡುವೆ ಬೆಳೆದದ್ದು ಕಿರುಸಾಲ. ಅದರ ಹೆಸರು ತೆಗೆದರೆ ಎಲ್ಲರೂ ಮೊದಲು ಬಾಂಗ್ಲಾದೇಶದ ಕಡೆ ಕೈತೋರಿಸುತ್ತಾರೆ. ನಾವೂ ಅಲ್ಲಿಗೆ ಹೋಗೋಣ, ಸ್ವಲ್ಪ ತಡವಾಗಿ. ಏಕೆಂದರೆ ದೇಶದ ತುಂಬ ಇಂದು ಕಾಣುವ ಸ್ವಸಹಾಯ ಸಂಘಗಳ ಬೇರು ಬಹುಮಟ್ಟಿಗೆ ನಮ್ಮ ಹಳ್ಳಿಗಳಲ್ಲೇ ಇದೆ.

ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಹುಟ್ಟಿದ್ದು 1968ರಲ್ಲಿ, ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಮಾಡಿಕೊಡಲು. ಆಮೇಲೆ ಅದು ಹಳ್ಳಿಗಳ ಕೆಲಸಕ್ಕೆ ಇಳಿಯಿತು. ಎಂಬತ್ತರ ದಶಕದಲ್ಲಿ, ಅಲೋಷಿಯಸ್ ಫರ್ನಾಂಡಿಸ್ ಅದರ ಮುಂದಾಳಾಗಿದ್ದಾಗ, ಅದು ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆಯತೊಡಗಿದವು. ನೂರಾರು ಸದಸ್ಯರು, ಅಧಿಕಾರ ಮಾತ್ರ ಅಧ್ಯಕ್ಷ, ಕಾರ್ಯದರ್ಶಿಗಳ ಕೈಯಲ್ಲಿ. ಬೇಸತ್ತ ಜನ ಸಣ್ಣ ಸಣ್ಣ ಗುಂಪಾಗಿ ಹೊರಬಂದು, ತಮ್ಮ ಪಾಲಿನ ಸಾಲ ತಾವೇ ತೀರಿಸುತ್ತೇವೆ ಎಂದು ಸಂಸ್ಥೆಯ ಮುಂದೆ ನಿಂತರು. ನಮಗೆ ಕಟ್ಟಬೇಡಿ, ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದು ಸಂಸ್ಥೆ ಹೇಳಿತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದಕ್ಕಿಂತ ಜಾಣ ನಿರ್ಧಾರ ಇನ್ನೊಂದಿಲ್ಲ. ಈ ಗುಂಪುಗಳನ್ನು ಯಾವ ಅಧಿಕಾರಿಯೂ ಪಟ್ಟಿ ಹಿಡಿದು ಮಾಡಿರಲಿಲ್ಲ. ಒಂದೇ ಕಡೆಯಿಂದ ಬಂದವರು, ಒಂದೇ ಕಸುಬಿನವರು, ಕಷ್ಟಕ್ಕೆ ಒಬ್ಬರಿಗೊಬ್ಬರು ಮೊದಲೇ ಆಗಿಬಂದವರು ತಾವಾಗಿ ಕೂಡಿಕೊಂಡಿದ್ದರು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇವುಗಳಿಗೆ ತರಬೇತಿ ಕೊಡಲು, ಉಳಿತಾಯಕ್ಕೆ ಸರಿಸಾಟಿಯಾಗಿ ಹಣ ಸೇರಿಸಲು 10 ಲಕ್ಷ ರೂಪಾಯಿ ನೀಡಿತು.

ಸಂಘ ಏನು ಮಾಡುತ್ತದೆ ಎಂದು ತಿಳಿಯಲು ಅದರ ಸಭೆಯಲ್ಲಿ ಕೂರಬೇಕು. ಅಂಗನವಾಡಿಯಲ್ಲೋ ದೇವಸ್ಥಾನದ ಜಗಲಿಯಲ್ಲೋ ಚಾಪೆ ಹಾಸಿರುತ್ತದೆ. ಹೊತ್ತು ಸಾಮಾನ್ಯವಾಗಿ ಅಡುಗೆ ಮುಗಿದ ಮೇಲಿನದು. ಸದಸ್ಯರು ಹತ್ತಕ್ಕೆ ಕಡಿಮೆ ಇಲ್ಲ, ಇಪ್ಪತ್ತಕ್ಕೆ ಹೆಚ್ಚಿಲ್ಲ. ಇಪ್ಪತ್ತು ದಾಟಿದರೆ ಹಿಂದೆ ನೋಂದಣಿಯ ಗೋಜಿತ್ತು. ಅಧ್ಯಕ್ಷೆ ಅನ್ನುವ ಪದವಿಯ ಬದಲು ಒಂದನೇ ಪ್ರತಿನಿಧಿ, ಎರಡನೇ ಪ್ರತಿನಿಧಿ ಇರುತ್ತಾರೆ. ವರ್ಷಕ್ಕೋ ಎರಡು ವರ್ಷಕ್ಕೋ ಅವರೂ ಬದಲಾಗಬೇಕು. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಸೆರಗಿನ ಗಂಟಿನಲ್ಲಿ. ಹಾಜರಿ ಆಗುತ್ತದೆ. ತಡವಾಗಿ ಬಂದವರಿಗೆ ಐದು ರೂಪಾಯಿ ದಂಡ. ಹಸು ಕಟ್ಟಿ ಬರುವಷ್ಟರಲ್ಲಿ ಹೊತ್ತಾಯಿತು ಎಂದರೂ ಬಿಡುವುದಿಲ್ಲ. ಆಮೇಲೆ ಉಳಿತಾಯ. ಹದಿನೈದು ಜನ ವಾರಕ್ಕೆ ಇಪ್ಪತ್ತರಂತೆ ಹಾಕಿದರೆ ಮುನ್ನೂರು. ವರ್ಷ ತಿರುಗುವಾಗ 15,600. ಓದು ಬಲ್ಲ ಹುಡುಗಿಯೊಬ್ಬಳು ಮೊತ್ತವನ್ನು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಹೆಬ್ಬೆಟ್ಟಿನವರಿಗೂ ಪೆಟ್ಟಿಗೆಯಲ್ಲಿ ಎಷ್ಟಿದೆ ಎಂಬುದು ಬಾಯಿಪಾಠ.

ಸಾಲದ ಬೇಡಿಕೆ ಬಂದಾಗ ಸಭೆಗೆ ನಿಜವಾದ ಕಳೆ ಬರುತ್ತದೆ. “ಮಿಷನ್‌ಗೆ ಮೋಟರ್ ಹಾಕಿಸ್ಬೇಕು ಅಕ್ಕ, ಮದುವೆ ಸೀಸನ್ ಬಂತು” ಎಂದು ಒಬ್ಬಳು ಕೇಳಿದರೆ, “ಹೋದ ಸಲದ್ದೇ ಎರಡು ಕಂತು ನಿಂತೈತಲ್ಲವ್ವ” ಎಂದು ಇನ್ನೊಬ್ಬಳು ಎತ್ತುತ್ತಾಳೆ. ಯಾರ ಮನೆಯಲ್ಲಿ ಎಷ್ಟು ದುಡಿಮೆ, ಯಾರ ಗಂಡನ ಕೈಗೆ ದುಡ್ಡು ಸಿಕ್ಕರೆ ಅದು ಎಲ್ಲಿಗೆ ಹೋಗುತ್ತದೆ, ಎಲ್ಲ ಅಲ್ಲಿ ಕೂತವರಿಗೆ ಗೊತ್ತು. ಯಾವ ಬ್ಯಾಂಕಿನ ಫೀಲ್ಡ್ ಆಫೀಸರ್‌ಗೂ ಈ ಮಾಹಿತಿ ಸಿಕ್ಕುವುದಿಲ್ಲ. ಕೊನೆಗೆ ಮೊತ್ತ, ಕಂತು, ಬಡ್ಡಿ ತೀರ್ಮಾನವಾಗಿ ನಡಾವಳಿ ಪುಸ್ತಕಕ್ಕೆ ಏರುತ್ತದೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಶೇ 24. ದುಬಾರಿಯೇ. ಆದರೆ ಆ ಬಡ್ಡಿ ಹೋಗಿ ಬೀಳುವುದು ಅದೇ ಪೆಟ್ಟಿಗೆಗೆ, ಮುಂದಿನ ತಿಂಗಳು ಅದೇ ಹಣ ಪಕ್ಕದವಳ ಸಾಲವಾಗುತ್ತದೆ.

ಉಳಿತಾಯವೊಂದರಿಂದಲೇ ಎಲ್ಲರ ಅಗತ್ಯ ಪೂರೈಸುವುದಿಲ್ಲ. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ನೋಂದಣಿ ಇಲ್ಲದ ಗುಂಪಿನ ಹೆಸರಲ್ಲಿ ಖಾತೆ ತೆರೆಯಬಹುದು, ಅಡಮಾನವಿಲ್ಲದೆ ಗುಂಪಿಗೇ ಸಾಲ ಕೊಡಬಹುದು, ಅದನ್ನು ಯಾರಿಗೆ ಎಷ್ಟು ಹಂಚಬೇಕೆಂಬುದು ಗುಂಪಿಗೇ ಬಿಟ್ಟದ್ದು. ಆ ಕಾಲದ ಬ್ಯಾಂಕ್ ವ್ಯವಸ್ಥಾಪಕರಿಗೆ ಇದು ಎಷ್ಟು ವಿಚಿತ್ರವಾಗಿ ಕಂಡಿರಬೇಕು ಎಂಬುದನ್ನು ಊಹಿಸಿಕೊಳ್ಳಬಹುದು. 2000–01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದು, ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಸಂಘಗಳು ಹಳ್ಳಿ ಹಳ್ಳಿಗೂ ಹಬ್ಬಿದವು.

ಇನ್ನು ಬಾಂಗ್ಲಾದೇಶ. 1976ರಲ್ಲಿ ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಮುಹಮ್ಮದ್ ಯೂನುಸ್ ಪಕ್ಕದ ಜೋಬ್ರಾ ಹಳ್ಳಿಯಲ್ಲಿ ವಿಚಾರಿಸಿದಾಗ, ಬಿದಿರಿನ ಸ್ಟೂಲು ಹೆಣೆಯುವವರೂ ಸೇರಿ 42 ಜನ ಸಾಹುಕಾರರಿಗೆ ಕೊಡಬೇಕಿದ್ದ ಒಟ್ಟು ಬಾಕಿ 856 ಟಾಕಾ. ಅಷ್ಟು ಚಿಲ್ಲರೆ ಹಣ ಅವರ ಕಸುಬನ್ನೇ ಅಡವಿಟ್ಟುಕೊಂಡಿತ್ತು: ಬಿದಿರಿಗೆ ದುಡ್ಡು ಕೊಟ್ಟವನಿಗೇ ಹೆಣೆದ ಸ್ಟೂಲು ಮಾರಬೇಕು, ಅವನು ಹೇಳಿದ್ದೇ ಬೆಲೆ. ಯೂನುಸ್ ಕೈಯಿಂದ ಹಣ ಕೊಟ್ಟರು. ಅಲ್ಲಿಂದ ಬೆಳೆದ ಗ್ರಾಮೀಣ ಬ್ಯಾಂಕ್ 1983ರಲ್ಲಿ ಕಾನೂನುಬದ್ಧ ಬ್ಯಾಂಕಾಯಿತು. 2006ರಲ್ಲಿ ಅದಕ್ಕೂ ಅವರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಐದೈದು ಜನರ ಗುಂಪು, ವಾರಕ್ಕೊಂದು ಕೂಟ, ವಾರಕ್ಕೊಂದು ಕಂತು, ಸಾಲಗಾರರಲ್ಲಿ ಬಹುತೇಕ ಎಲ್ಲರೂ ಹೆಂಗಸರು. ಹಣ ಮಾತ್ರ ಹೊರಗಿನಿಂದ ಬರುತ್ತದೆ; ನಮ್ಮ ಸಂಘದಂತೆ ಮೊದಲು ಉಳಿತಾಯವಲ್ಲ, ಮೊದಲು ಸಾಲ.

ಈ ದಾರಿಯೂ ನಮ್ಮಲ್ಲಿಗೆ ಬಂತು. 1999ರಲ್ಲಿ ಬೆಂಗಳೂರಿನ ಹತ್ತಿರ ಗ್ರಾಮೀಣ ಕೂಟ ಶುರುವಾಯಿತು, ಆಮೇಲೆ ಇನ್ನಷ್ಟು ಸಂಸ್ಥೆಗಳು. ಹಳ್ಳಿಯವರು ಇದನ್ನೂ ಸಂಘದ ಸಾಲ ಎಂದೇ ಕರೆಯುತ್ತಾರೆ. ಇದರ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಬ್ಯಾಂಕಿಗೆ ನಾಲ್ಕು ದಿನದ ಕೂಲಿ ಬಿಟ್ಟು ಅಲೆಯುವ ಹೆಂಗಸಿಗೆ, ಮೋಟರ್ ಬೈಕಿನಲ್ಲಿ ಮನೆ ಬಾಗಿಲಿಗೇ ಬರುವ ಹುಡುಗ ದೊಡ್ಡ ಉಪಕಾರಿಯಾಗಿಯೇ ಕಾಣುತ್ತಾನೆ. ತೊಡಕು ಬಡ್ಡಿಯ ಲೆಕ್ಕದಲ್ಲಿತ್ತು. ಅಸಲು ಕರಗುತ್ತಾ ಬಂದರೂ ಮೊದಲ ದಿನದ ಅಸಲಿನ ಮೇಲೇ ಶೇ 12 ಎಂದು ಹಾಕಿದರೆ, ಒಂದು ವರ್ಷದ ಸಾಲದಲ್ಲಿ ನಿಜವಾಗಿ ಬೀಳುವುದು ಹತ್ತಿರ ಹತ್ತಿರ ಅದರ ಎರಡರಷ್ಟು.

ಅದಕ್ಕಿಂತ ದೊಡ್ಡ ತೊಡಕು ಕಂತಿನ ಲಯದ್ದು. ರಾಮನಗರ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲರ್‌ಗಳನ್ನು ನೋಡಿ. ಗೂಡು ಕೊಳ್ಳಲು ಕೈಯಲ್ಲಿ ನಗದು ಬೇಕು. ಕೊಂಡ ಗೂಡನ್ನು ಹಾಗೇ ಇಡುವಂತಿಲ್ಲ, ಚಿಟ್ಟೆ ತೂತು ಮಾಡಿ ಹೊರಬಂದರೆ ನೂಲು ಹಾಳು. ರೇಷ್ಮೆಯ ಬೆಲೆ ಬಿದ್ದ ವಾರ ನೂಲು ಮಾರಿದರೆ ನಷ್ಟ, ಮಾರದಿದ್ದರೆ ಕಂತಿಲ್ಲ. ಮನೆಯಲ್ಲಿ ನಾಲ್ಕು ಸಂಸ್ಥೆಗಳ ಪಾಸ್‌ಬುಕ್ಕು, ಒಂದರ ಕಂತಿಗೆ ಇನ್ನೊಂದರ ಸಾಲ. 2009ರಲ್ಲಿ ಕೋಲಾರ, ರಾಮನಗರದ ಕಡೆ ಜನ ಒಟ್ಟಾಗಿ ಕಂತು ಕಟ್ಟುವುದನ್ನು ನಿಲ್ಲಿಸಿದರು. ಮರುವರ್ಷ ಪಕ್ಕದ ಆಂಧ್ರಪ್ರದೇಶ ಕಿರುಸಾಲಕ್ಕೆ ಕಡಿವಾಣ ಹಾಕಲು ಸುಗ್ರೀವಾಜ್ಞೆಯನ್ನೇ ತಂದಿತು. 2025ರ ಆರಂಭದಲ್ಲಿ ಮೈಸೂರು, ಚಾಮರಾಜನಗರದ ಹಳ್ಳಿಗಳಿಂದ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ, ಆತ್ಮಹತ್ಯೆಗಳ ಸುದ್ದಿ ದಿನವೂ ಬಂತು. ಫೆಬ್ರುವರಿಯಲ್ಲಿ ಕರ್ನಾಟಕವೂ ಸುಗ್ರೀವಾಜ್ಞೆ ಹೊರಡಿಸಿತು: ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ.

ಹಾಗಾದರೆ ಕಿರುಸಾಲದಿಂದ ಬಡತನ ನೀಗುತ್ತದೆಯೇ? ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹೈದರಾಬಾದಿನ 104 ಬಡಾವಣೆಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನಲ್ಲಿ ಮೊದಲು ಸಾಲ ಸಿಗುವಂತೆ ಮಾಡಿ ನೋಡಿದರು. 2015ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ಪವಾಡವೇನೂ ಇರಲಿಲ್ಲ. ಮೊದಲೇ ಅಂಗಡಿ ಇದ್ದವರು ಬಂಡವಾಳ ಹೆಚ್ಚಿಸಿದರು, ಕೆಲವರ ಲಾಭ ಏರಿತು. ಮನೆಖರ್ಚು, ಮಕ್ಕಳ ಓದು, ಹೆಂಗಸರ ಮಾತಿನ ತೂಕ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ನನಗೆ ಇದಕ್ಕಿಂತ ಹೆಚ್ಚು ಬೆಳಕು ಕೊಟ್ಟದ್ದು ಕೋಲ್ಕತ್ತದ ಒಂದು ಅಧ್ಯಯನ. ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮೊದಲಾದವರು ಸಾಲದ ಮೊತ್ತ ಮುಟ್ಟದೆ ಮೊದಲ ಕಂತಿನ ದಿನವನ್ನು ಮಾತ್ರ ಬದಲಿಸಿದರು. ಕೆಲವರಿಗೆ ಎರಡು ವಾರಕ್ಕೆ, ಕೆಲವರಿಗೆ ಎರಡು ತಿಂಗಳಿಗೆ. ಎರಡು ತಿಂಗಳು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ಹಣ ಹಾಕಿದರು. ಮೂರು ವರ್ಷದ ಮೇಲೂ ಅವರ ಲಾಭ ಹೆಚ್ಚೇ ಇತ್ತು. ಸಾಲ ತೀರಿಸದೆ ಉಳಿದವರೂ ಅವರಲ್ಲೇ ಹೆಚ್ಚು.

ಕಂತಿನ ಹೊತ್ತು ಎಷ್ಟು ಮುಖ್ಯ ಎಂಬುದನ್ನು ಹಸು ಕಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕರು ಹಾಕುವ ಎರಡು ತಿಂಗಳು ಮುಂಚೆ ಹಾಲು ನಿಲ್ಲುತ್ತದೆ, ಬೂಸಾ ನಿಲ್ಲುವುದಿಲ್ಲ, ಕಂತೂ ನಿಲ್ಲುವುದಿಲ್ಲ. ಒಳ್ಳೆಯ ಸಂಘವಾದರೆ ‘ಎರಡು ತಿಂಗಳು ಬಡ್ಡಿ ಮಾತ್ರ ಕಟ್ಟಲಿ’ ಎಂದು ನಡಾವಳಿಯಲ್ಲಿ ಒಂದು ಸಾಲು ಬರೆದು ಎಲ್ಲರ ಸಹಿ ಹಾಕಿಸುತ್ತದೆ. ಅಪಾಯ ತಮ್ಮ ಹಣದ್ದು, ಹಸು ತಾವು ಕಂಡದ್ದು.

ಕಿರುಸಾಲದ ಕಂಪನಿಗಳಿಗೂ ಇಂಥ ದಾರಿ ಮುಚ್ಚಿಲ್ಲ. 2022ರ ರಿಸರ್ವ್ ಬ್ಯಾಂಕ್ ನಿಯಮದಂತೆ ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಕೊಡುವ ಅಡಮಾನವಿಲ್ಲದ ಸಾಲ ಕಿರುಸಾಲ; ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು; ವಾರ್ಷಿಕ ಬಡ್ಡಿ ಒಟ್ಟು ಎಷ್ಟು ಬೀಳುತ್ತದೆ ಎಂಬುದನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ಕಂತಿನ ಅವಧಿಯನ್ನು ಸಾಲಗಾರರ ಅಗತ್ಯಕ್ಕೆ ಹೊಂದಿಸಿಕೊಡುವ ನೀತಿಯೊಂದನ್ನು ಸಂಸ್ಥೆ ಇಟ್ಟುಕೊಂಡಿರಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಡೇರಿ ಬಟವಾಡೆ ಹದಿನೈದು ದಿನಕ್ಕೊಮ್ಮೆ ಬರುವ ಮನೆಯವರು, ಸಹಿ ಹಾಕುವ ಮುಂಚೆ, ಬೈಕಿನಲ್ಲಿ ಬಂದ ಹುಡುಗನನ್ನು ಕೂರಿಸಿ ಕೇಳಬಹುದು: ನಮ್ಮ ಕಂತನ್ನೂ ಹದಿನೈದು ದಿನಕ್ಕೇ ಇಡ್ತೀಯೇನಪ್ಪ?